ಓದುಗರ ಪ್ರಶ್ನೆ, ತಜ್ಞರ ಉತ್ತರ: ನೆನಪಿನ ಶಕ್ತಿಗೆ ‘ಇಸ್ರಿಬ್’?

ಕಲಿಕೆ ಮತ್ತು ನೆನಪಿನ ಮೇಲೆ ಪ್ರಯೋಗಾಲಯಗಳಲ್ಲಿ ಪರೀಕ್ಷೆಗೆ ಒಳಗಾಗಿರುವ ‘ಇಸ್ರಿಬ್’ ಎಂಬ ರಾಸಾಯನಿಕದ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಇಸ್ರಿಬ್ ಕೊಟ್ಟ ಇಲಿಗಳ ನೆನಪಿನ ಶಕ್ತಿ ಹೆಚ್ಚಾಯಿತು ಎಂದು ಓದಿದೆ. ಅದು ಮಿದುಳಿನೊಳಗೆ ಮಾಡುವುದಾದರೂ ಏನು?

ಉತ್ತರ: ಕೆಲವು ನಿಮಿಷ ಉಳಿಯುವ ನೆನಪಿಗೂ ತಿಂಗಳುಗಟ್ಟಲೆ ಉಳಿಯುವ ನೆನಪಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಎರಡನೆಯದಕ್ಕೆ ನರಕೋಶಗಳು ಹೊಸ ಪ್ರೋಟೀನ್ ತಯಾರಿಸಲೇಬೇಕು. 1963ರಲ್ಲೇ ಫ್ಲೆಕ್ಸ್‌ನರ್ ದಂಪತಿ ಮತ್ತು ಸಂಗಡಿಗರು, ಪ್ರೋಟೀನ್ ತಯಾರಿಕೆಯನ್ನು ತಡೆಯುವ ಪ್ಯೂರೊಮೈಸಿನ್ ಅನ್ನು ಇಲಿಗಳ ಮಿದುಳಿಗೆ ಕೊಟ್ಟಾಗ ಕಲಿತದ್ದು ಅಳಿಸಿಹೋಗುವುದನ್ನು ತೋರಿಸಿದ್ದರು.

ಇನ್ನೊಂದು ಕಡೆ, ಪ್ರತಿಯೊಂದು ಜೀವಕೋಶದಲ್ಲೂ ಪ್ರೋಟೀನ್ ತಯಾರಿಕೆಯನ್ನು ತಗ್ಗಿಸುವ ಒಂದು ವ್ಯವಸ್ಥೆ ಇದೆ. ಅದರ ಹೆಸರು ಇಂಟಿಗ್ರೇಟೆಡ್ ಸ್ಟ್ರೆಸ್ ರೆಸ್ಪಾನ್ಸ್, ಚಿಕ್ಕದಾಗಿ ಐಎಸ್‌ಆರ್. (ಇಲ್ಲಿನ ‘ಸ್ಟ್ರೆಸ್’ ಆಫೀಸಿನ ಟೆನ್ಷನ್ ಅಲ್ಲ, ಕೋಶಕ್ಕೆ ಬಂದ ಕಷ್ಟ.) ಮಡಿಕೆ ತಪ್ಪಿದ ಪ್ರೋಟೀನ್ ತುಂಬಿಕೊಂಡರೆ ಪರ್ಕ್, ಅಮೈನೊ ಆಮ್ಲದ ಕೊರತೆಯಾದರೆ ಜಿಸಿಎನ್2, ವೈರಸ್ ನುಗ್ಗಿದರೆ ಪಿಕೆಆರ್, ಕಬ್ಬಿಣವಿರುವ ಹೀಮ್ ಎಂಬ ಅಣು ಕಡಿಮೆಯಾದರೆ ಎಚ್‌ಆರ್‌ಐ, ಹೀಗೆ ನಾಲ್ಕು ಕಿಣ್ವಗಳು ಬೇರೆ ಬೇರೆ ತೊಂದರೆಗಳನ್ನು ಗಮನಿಸುತ್ತಿರುತ್ತವೆ. ಯಾವುದು ಎಚ್ಚೆತ್ತರೂ ಮಾಡುವ ಕೆಲಸ ಒಂದೇ: ಇಐಎಫ್2 ಎಂಬ ಪ್ರೋಟೀನಿನ ಆಲ್ಫಾ ಭಾಗದಲ್ಲಿ 51ನೆಯ ಸ್ಥಾನದ ಸೆರೀನ್‌ಗೆ ಒಂದು ಫಾಸ್ಫೇಟ್ ಅಂಟಿಸುವುದು. ಇಐಎಫ್2 ಪ್ರತಿ ಸುತ್ತಿನ ಕೆಲಸ ಮುಗಿಸಿದ ಮೇಲೆ ಅದನ್ನು ಮತ್ತೆ ಅಣಿಗೊಳಿಸುವುದು ಇಐಎಫ್2ಬಿ. ಫಾಸ್ಫೇಟ್ ಅಂಟಿದ ಇಐಎಫ್2 ಈ ಇಐಎಫ್2ಬಿಯ ಕೈಯನ್ನೇ ಕಟ್ಟಿಹಾಕುತ್ತದೆ. ಪರಿಣಾಮವಾಗಿ ಬಹುಪಾಲು ಪ್ರೋಟೀನುಗಳ ತಯಾರಿಕೆ ಇಳಿಯುತ್ತದೆ. ಎಟಿಎಫ್4ನಂಥ ಕೆಲವೇ ಕೆಲವು ಮಾತ್ರ ಹೆಚ್ಚುತ್ತವೆ.

ನೆನಪಿನ ವಿಷಯಕ್ಕೆ ಇದನ್ನು ಜೋಡಿಸಿದ್ದು ಮೌರೊ ಕೋಸ್ಟಾ-ಮಟ್ಟಿಯೋಲಿ ಮತ್ತು ಸಂಗಡಿಗರ 2007ರ ಕೆಲಸ. ಆ 51ನೆಯ ಸೆರೀನ್ ಬದಲಿಗೆ, ಫಾಸ್ಫೇಟ್ ಅಂಟಲಾರದ ಅಲನೀನ್ ಇರುವಂತೆ ಒಂದು ಜೀನ್ ಪ್ರತಿಯನ್ನು ಬದಲಿಸಿದ ಇಲಿಗಳು, ಸಾಮಾನ್ಯ ಇಲಿಗಳಿಗೆ ಸಾಲದಷ್ಟು ಕಡಿಮೆ ತರಬೇತಿಯಲ್ಲೇ ಪಾಠ ಕಲಿತು ನೆನಪಿಟ್ಟುಕೊಂಡವು. ಅಂದರೆ ಐಎಸ್‌ಆರ್ ಸ್ವಲ್ಪ ತಗ್ಗಿದರೆ ದೀರ್ಘಕಾಲದ ನೆನಪು ಮೂಡುವುದು ಸುಲಭವಾಗುತ್ತದೆ.

ಇದೇ ಕೆಲಸವನ್ನು ಜೀನ್ ಮುಟ್ಟದೆ ಮಾಡುವ ರಾಸಾಯನಿಕಕ್ಕಾಗಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪೀಟರ್ ವಾಲ್ಟರ್ ಅವರ ಪ್ರಯೋಗಾಲಯ ಒಂದು ಲಕ್ಷಕ್ಕೂ ಹೆಚ್ಚು ಸಂಯುಕ್ತಗಳನ್ನು ಜರಡಿ ಹಿಡಿಯಿತು. ಕಾರ್ಮೆಲಾ ಸಿಡ್ರಾಸ್ಕಿ ಮುಂಚೂಣಿಯಲ್ಲಿದ್ದ ಆ ಕೆಲಸ 2013ರಲ್ಲಿ ಪ್ರಕಟವಾಯಿತು. ಸಿಕ್ಕಿದ್ದು ಇಸ್ರಿಬ್. ಕೋಶಗಳಲ್ಲಿ ಸುಮಾರು 5 ನ್ಯಾನೊಮೋಲಾರ್ ಪ್ರಮಾಣದಲ್ಲೇ ಅರ್ಧದಷ್ಟು ಪರಿಣಾಮ ತೋರುವಷ್ಟು ತೀಕ್ಷ್ಣ. ಇಲಿಯ ರಕ್ತದಲ್ಲಿ ಅರ್ಧಾಯುಷ್ಯ ಸುಮಾರು 8 ಗಂಟೆ. ರಕ್ತದಿಂದ ಮಿದುಳಿಗೂ ಚೆನ್ನಾಗಿ ದಾಟುತ್ತದೆ, ಇದು ಎಲ್ಲ ಸಂಯುಕ್ತಗಳಿಗೂ ಸಾಧ್ಯವಿಲ್ಲ.

ಅದು ಕೂರುವ ಜಾಗ 2018ರಲ್ಲಿ ಕಣ್ಣಿಗೆ ಕಂಡಿತು. ಇಐಎಫ್2ಬಿ ಐದು ಬಗೆಯ ಉಪಘಟಕಗಳ ಎರಡು ಜೊತೆ, ಒಟ್ಟು ಹತ್ತು ತುಂಡುಗಳ ಯಂತ್ರ. ಎರಡೂ ಅರ್ಧಗಳು ಕೂಡುವ ನಟ್ಟನಡುವಿನ ಸಂದಿಯಲ್ಲಿ ಇಸ್ರಿಬ್ ಸ್ಟೇಪಲ್ ಪಿನ್ನಿನ ಹಾಗೆ ಕಚ್ಚಿಕೊಳ್ಳುತ್ತದೆ. ಫಾಸ್ಫೇಟ್ ಅಂಟಿದ ಇಐಎಫ್2 ಈ ಯಂತ್ರವನ್ನು ಸೊಟ್ಟಗಾಗಿಸಿ ನಿಧಾನ ಮಾಡುತ್ತದೆ, ಇಸ್ರಿಬ್ ಅದನ್ನು ಚುರುಕಾದ ಆಕಾರದಲ್ಲೇ ಹಿಡಿದಿಡುತ್ತದೆ ಎಂಬುದು 2021ರ ಹೊತ್ತಿಗೆ ಸ್ಪಷ್ಟವಾಯಿತು. ಗಮನಿಸಿ: ಇಸ್ರಿಬ್ ಫಾಸ್ಫೇಟನ್ನು ತೆಗೆಯುವುದಿಲ್ಲ. ಈ ಮಾತು ಮುಂದೆ ಇನ್ನೊಂದು ಪ್ರಶ್ನೆಯಲ್ಲಿ ಬೇಕಾಗುತ್ತದೆ.

ಪ್ರಶ್ನೆ: ಇಲಿಗೆ ನೆನಪು ಹೆಚ್ಚಿತು ಎಂದು ಹೇಗೆ ಅಳೆಯುತ್ತಾರೆ? ಅದು ಮಾತಾಡುವುದಿಲ್ಲವಲ್ಲ.

ಉತ್ತರ: 2013ರ ಕೆಲಸದಲ್ಲಿ ಬಳಸಿದ್ದು ಮುಖ್ಯವಾಗಿ ಎರಡು ಪರೀಕ್ಷೆ. ಒಂದು, ಸೌಮ್ಯವಾದ ಶಾಕ್ ಕೊಟ್ಟ ಪೆಟ್ಟಿಗೆಗೆ ಮರುದಿನ ಮತ್ತೆ ಬಿಟ್ಟಾಗ ಇಲಿ ಎಷ್ಟು ಹೊತ್ತು ಬೆದರಿ ನಿಶ್ಚಲವಾಗಿ ನಿಲ್ಲುತ್ತದೆ ಎಂದು ನೋಡುವುದು. ಇನ್ನೊಂದು ರಿಚರ್ಡ್ ಮಾರಿಸ್ 1980ರ ದಶಕದ ಆರಂಭದಲ್ಲಿ ರೂಪಿಸಿದ ನೀರಿನ ತೊಟ್ಟಿ. ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಏಕೆಂದರೆ ‘ನೆನಪಿನ ಶಕ್ತಿ ಮೂರುಪಟ್ಟು’ ಎಂಬ ತಲೆಬರಹ ಹುಟ್ಟಿದ್ದೇ ಅಲ್ಲಿಂದ.

ಸುಮಾರು 1.2 ಮೀಟರ್ ಅಗಲದ ದುಂಡನೆಯ ತೊಟ್ಟಿ. ನೀರು 22 ಡಿಗ್ರಿ ಸೆಲ್ಸಿಯಸ್ ಆಸುಪಾಸು. ವಿಷವಲ್ಲದ ಬಿಳಿ ಬಣ್ಣ ಕಲಸಿ ನೀರನ್ನು ಮಬ್ಬು ಮಾಡಿರುತ್ತಾರೆ. ಮೇಲ್ಮೈಯಿಂದ 1 ಸೆಂ.ಮೀ. ಕೆಳಗೆ ಸುಮಾರು 10 ಸೆಂ.ಮೀ. ಅಗಲದ ಒಂದು ಕಟ್ಟೆ ಅಡಗಿರುತ್ತದೆ. ಕೋಣೆಯ ಗೋಡೆಗಳ ಮೇಲೆ ದೊಡ್ಡ ಆಕೃತಿಗಳು. ಇಲಿಯನ್ನು ಪ್ರತಿಸಲ ಬೇರೆ ದಿಕ್ಕಿನಿಂದ, ಮುಖ ಗೋಡೆಯ ಕಡೆ ಮಾಡಿ, ನೀರಿಗೆ ಬಿಡುತ್ತಾರೆ. ಒಂದು ನಿಮಿಷದಲ್ಲಿ ಕಟ್ಟೆ ಸಿಗದಿದ್ದರೆ ಕೈಯಿಂದ ದಾರಿ ತೋರಿಸಿ ಅದರ ಮೇಲೆ 15 ಸೆಕೆಂಡು ಕೂರಿಸುತ್ತಾರೆ. ಕೊನೆಗೆ ಕಟ್ಟೆಯನ್ನೇ ತೆಗೆದುಬಿಟ್ಟು, ಇಲಿ ಅದಿದ್ದ ಕಾಲುಭಾಗದಲ್ಲಿ ಎಷ್ಟು ಹೊತ್ತು ಹುಡುಕುತ್ತದೆ ಎಂದು ಅಳೆಯುತ್ತಾರೆ. ಏನೂ ನೆನಪಿಲ್ಲದ ಇಲಿಗೆ ಆಕಸ್ಮಿಕವಾಗಿ 25 ಶೇಕಡಾ ಬರುತ್ತದೆ, ಅದಕ್ಕಿಂತ ಮೇಲೆ ಎಷ್ಟು ಎಂಬುದೇ ಲೆಕ್ಕ.

2013ರ ಪ್ರಯೋಗದಲ್ಲಿ ಬೇಕೆಂದೇ ದುರ್ಬಲ ತರಬೇತಿ ಕೊಟ್ಟಿದ್ದರು, ದಿನಕ್ಕೆ ಒಂದೇ ಸಲ. ಪ್ರತಿ ತರಬೇತಿ ಮುಗಿದ ಕೂಡಲೇ ಹೊಟ್ಟೆಯ ಕುಹರಕ್ಕೆ ಕೆ.ಜಿ.ಗೆ 0.25 ಮಿ.ಗ್ರಾಂ ಇಸ್ರಿಬ್. ಆ ಇಲಿಗಳು ಕಟ್ಟೆಯನ್ನು ಉಳಿದವಕ್ಕಿಂತ ಸುಮಾರು ಮೂರುಪಟ್ಟು ಬೇಗ ಮುಟ್ಟಿದವು. ತೊಟ್ಟಿಯಲ್ಲಿ ಒಂದು ಕಟ್ಟೆ ಹುಡುಕುವ ವೇಗ ಮೂರುಪಟ್ಟಾಯಿತು, ನೆನಪಿನ ಶಕ್ತಿಯೇ ಮೂರುಪಟ್ಟಾಯಿತು ಎಂದಲ್ಲ.

ಈ ಪರೀಕ್ಷೆ ಕೆಡುವುದಕ್ಕೂ ದಾರಿಗಳು ಬೇಕಾದಷ್ಟಿವೆ. ಕೆಲವು ಇಲಿಗಳು ಏನನ್ನೂ ಹುಡುಕದೆ ಗೋಡೆಗೆ ಮೈ ಉಜ್ಜಿಕೊಂಡು ಸುತ್ತು ಹೊಡೆಯುತ್ತಲೇ ಇರುತ್ತವೆ, ಅದು ಭಯದ ಲಕ್ಷಣ. ಭಯ ಕಡಿಮೆ ಮಾಡುವ ಯಾವ ಔಷಧಿ ಕೊಟ್ಟರೂ ‘ನೆನಪು ಹೆಚ್ಚಿದಂತೆ’ ಕಾಣುತ್ತದೆ. ಕೆಲವು ಸುಮ್ಮನೆ ತೇಲುತ್ತವೆ. ನೀರು ತಣ್ಣಗಿದ್ದರೆ ಇಲಿಯ ಮೈ ಬೇಗ ತಣಿದು ಈಜು ನಿಧಾನವಾಗುತ್ತದೆ. ಕಣ್ಣು ಮಂದವಾದ ತಳಿಯಾದರೆ ಗೋಡೆಯ ಗುರುತೇ ಕಾಣದು. ಪ್ರಯೋಗ ಮಾಡುವವರು ದಿನವೂ ಒಂದೇ ಜಾಗದಲ್ಲಿ ನಿಂತರೆ ಇಲಿ ಅವರನ್ನೇ ಗುರುತು ಮಾಡಿಕೊಳ್ಳುತ್ತದೆ. ಹೀಗಾಗಿ ಈಜಿನ ವೇಗವನ್ನು ಬೇರೆಯಾಗಿ ಬರೆದಿದ್ದಾರೆಯೇ, ಬಾವುಟ ನೆಟ್ಟು ಕಾಣುವಂತೆ ಮಾಡಿದ ಕಟ್ಟೆಯ ಪರೀಕ್ಷೆ ಇದೆಯೇ, ಯಾವ ಇಲಿಗೆ ಮದ್ದು ಯಾವುದಕ್ಕೆ ಬರೀ ದ್ರಾವಕ ಎಂಬುದು ಅಳೆಯುವವರಿಗೆ ಗೊತ್ತಿತ್ತೇ, ಈ ಮೂರನ್ನು ಮೊದಲು ನೋಡಿ. ಇವಿಲ್ಲದ ಲೇಖನವನ್ನು ಪಕ್ಕಕ್ಕಿಟ್ಟರೆ ನಷ್ಟವಿಲ್ಲ.

ಪ್ರಶ್ನೆ: ವಯಸ್ಸಾದವರ ಮರೆವು, ಅಲ್ಜೈಮರ್, ತಲೆಗೆ ಬಿದ್ದ ಪೆಟ್ಟು, ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಆಶಾದಾಯಕ?

ಉತ್ತರ: ಇಲಿಗಳ ಮಟ್ಟದಲ್ಲಿ ತಲೆಪೆಟ್ಟಿನ ಫಲಿತಾಂಶವೇ ಎದ್ದು ಕಾಣುವುದು. ಸುಸಾನಾ ರೋಸಿ ಮತ್ತು ವಾಲ್ಟರ್ ತಂಡಗಳು 2017ರಲ್ಲಿ ಪ್ರಕಟಿಸಿದಂತೆ, ಪೆಟ್ಟಾಗಿ ನಾಲ್ಕು ವಾರ ಕಳೆದ ಮೇಲೆ ಇಸ್ರಿಬ್ ಕೊಟ್ಟರೂ ಇಲಿಗಳ ಕಲಿಕೆ ಪೆಟ್ಟಾಗದ ಇಲಿಗಳ ಮಟ್ಟಕ್ಕೆ ಮರಳಿತು. ತಲೆಪೆಟ್ಟಿಗೆ ಸಾಮಾನ್ಯವಾಗಿ ಪರೀಕ್ಷಿಸುವ ಮದ್ದುಗಳನ್ನು ಮೊದಲ ಕೆಲವು ಗಂಟೆಗಳಲ್ಲೇ ಕೊಡಬೇಕಾಗುತ್ತದೆ. ಆದ್ದರಿಂದ ಇದು ಗಮನ ಸೆಳೆಯಿತು. 2020ರಲ್ಲಿ ಅದೇ ತಂಡಗಳು, ಸುಮಾರು 19 ತಿಂಗಳ ಮುದಿ ಇಲಿಗಳಿಗೆ ಮೂರು ದಿನ ಮಾತ್ರ ಇಸ್ರಿಬ್ ಕೊಟ್ಟಾಗ ಆದ ಸುಧಾರಣೆ, ಮದ್ದು ದೇಹದಿಂದ ಹೋದ ಮೇಲೂ ವಾರಗಟ್ಟಲೆ ಉಳಿದದ್ದನ್ನು ತೋರಿಸಿದವು. ಡೌನ್ ಸಿಂಡ್ರೋಮ್ ಮಾದರಿಯ ಇಲಿಗಳಲ್ಲೂ 2019ರಲ್ಲಿ ನೆನಪು ಸುಧಾರಿಸಿತು.

ಅಲ್ಜೈಮರ್ ವಿಷಯ ಹಾಗಿಲ್ಲ. 2016ರಲ್ಲಿ ಒಂದು ಅಲ್ಜೈಮರ್ ಮಾದರಿಯ ಇಲಿಗಳಲ್ಲಿ ಏನೂ ಪ್ರಯೋಜನ ಕಾಣಲಿಲ್ಲ, 2021ರಲ್ಲಿ ಬೇರೆ ಮಾದರಿಗಳಲ್ಲಿ ಕಂಡಿತು. ಮಾದರಿಯಿಂದ ಮಾದರಿಗೆ ಐಎಸ್‌ಆರ್ ಎಷ್ಟು ಕೆರಳಿದೆ ಎಂಬುದು ಬೇರೆಯಾಗಿರುತ್ತದೆ. ಕೆರಳದೇ ಇರುವ ಕಡೆ ಇಸ್ರಿಬ್‌ಗೆ ಮಾಡಲು ಕೆಲಸವೇ ಕಡಿಮೆ. ವಿಪರೀತ ಕೆರಳಿದ್ದರೂ ಅದು ಸೋಲುತ್ತದೆ.

ಪ್ರಶ್ನೆ: ಇಲಿಗೆ ಕೆ.ಜಿ.ಗೆ 2.5 ಮಿ.ಗ್ರಾಂ ಎಂದರೆ 60 ಕೆ.ಜಿ. ತೂಕದವರಿಗೆ 12 ಮಿ.ಗ್ರಾಂ ಎಂದು ಲೆಕ್ಕ ಹಾಕಿದ್ದೇನೆ. ಇಂಟರ್‌ನೆಟ್‌ನಲ್ಲಿ ಪುಡಿ ಸಿಗುತ್ತದೆ, ಶುದ್ಧತೆ 98 ಶೇಕಡಾ ಎಂಬ ಸರ್ಟಿಫಿಕೇಟ್ ಕೂಡ ಇದೆ. ಪರೀಕ್ಷೆಗೆ ಓದುತ್ತಿದ್ದೇನೆ, ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ನಿಮ್ಮ ಗುಣಾಕಾರ ಸರಿಯಿದೆ. ಇಲಿಯ ಡೋಸನ್ನು, ಮನುಷ್ಯರ ಲೆಕ್ಕಕ್ಕೆ ತರಲು ಬಳಸುವ ರೂಢಿಯ ಅಂಕಿಯಾದ 12.3ರಿಂದ ಭಾಗಿಸಿದರೆ ಸುಮಾರು 0.2, ಅದನ್ನು 60ರಿಂದ ಗುಣಿಸಿದರೆ 12. ಆದರೆ ಈ ಸೂತ್ರ ಇರುವುದು ಬೇರೆ ಕೆಲಸಕ್ಕೆ. ಮನುಷ್ಯರ ಮೇಲೆ ಮೊದಲ ಪ್ರಯೋಗ ಶುರುಮಾಡುವಾಗ, ಪ್ರಾಣಿಗಳಲ್ಲಿ ವಾರಗಟ್ಟಲೆ ಕೊಟ್ಟು ಅಂಗಾಂಗಗಳನ್ನೆಲ್ಲ ಕೊಯ್ದು ನೋಡಿ, ಯಾವ ಹಾನಿಯೂ ಕಾಣದ ಅತಿ ಹೆಚ್ಚಿನ ಡೋಸ್ ಯಾವುದೆಂದು ಕಂಡುಕೊಳ್ಳುತ್ತಾರೆ. ಅದನ್ನು ಹೀಗೆ ಪರಿವರ್ತಿಸಿ, ಮತ್ತೆ ಕನಿಷ್ಠ 10ರಿಂದ ಭಾಗಿಸಿ ಆರಂಭಿಸುತ್ತಾರೆ. ನೀವು ಹಿಡಿದ ಅಂಕಿ ‘ಹಾನಿಯಿಲ್ಲದ’ ಡೋಸಲ್ಲ, ‘ಪರಿಣಾಮ ಕಂಡ’ ಡೋಸ್. ಜೊತೆಗೆ ಅದು ಸೂಜಿಯ ಡೋಸ್. ನೀರಿನಲ್ಲಿ ಕರಗದ ಪುಡಿಯನ್ನು ನುಂಗಿದಾಗ ಎಷ್ಟು ರಕ್ತಕ್ಕೆ ಸೇರುತ್ತದೆ ಎಂಬುದು ಬೇರೆಯೇ ಲೆಕ್ಕ.

ಇಸ್ರಿಬ್‌ನ ಹತ್ತಿರದ ಸಂಬಂಧಿಯೊಂದರ ಕಥೆ ಇಲ್ಲಿ ಹೇಳಬೇಕು. ಅದೇ ಇಐಎಫ್2ಬಿಯನ್ನು ಹಿಡಿಯುವ, ಇನ್ನೂ ಚೆನ್ನಾಗಿ ಕರಗುವ ‘2ಬಿಆ್ಯಕ್ಟ್’ ಎಂಬ ಸಂಯುಕ್ತ ಇಲಿಗಳಲ್ಲಿ ಸೊಗಸಾದ ಫಲ ಕೊಟ್ಟಿತು. 2019ರಲ್ಲಿ ಅದನ್ನು ಪ್ರಕಟಿಸಿದವರೇ, ಹೃದಯ ಮತ್ತು ರಕ್ತನಾಳಗಳ ಮೇಲೆ ಅಪಾಯದ ನಿರೀಕ್ಷೆ ಇರುವುದರಿಂದ ಇದು ಮನುಷ್ಯರಿಗೆ ಕೊಡಲು ತಕ್ಕದ್ದಲ್ಲ ಎಂದು ಬರೆದರು. ಇಲಿ ಚೆನ್ನಾಗಿ ಈಜಿದ್ದನ್ನು ನೋಡಿ ಇಂಥದ್ದು ತಿಳಿಯುವುದಿಲ್ಲ. ಐಎಸ್‌ಆರ್ ಸುಮ್ಮನೆ ಇರುವ ವ್ಯವಸ್ಥೆಯೂ ಅಲ್ಲ. ಪಿಕೆಆರ್ ವೈರಸ್ಸಿನ ವಿರುದ್ಧದ ಕಾವಲು, ಪರ್ಕ್ ಮೇದೋಜೀರಕ ಗ್ರಂಥಿಗೆ ಅತ್ಯಗತ್ಯ. ಪರ್ಕ್ ಅನ್ನು ನೇರವಾಗಿ ತಡೆಯುವ ಮದ್ದುಗಳು ಇಲಿಗಳಲ್ಲಿ ಮೇದೋಜೀರಕ ಗ್ರಂಥಿಯನ್ನೇ ಕೆಡಿಸಿದ್ದವು. ಆ ವಿಷಯದಲ್ಲಿ ಇಸ್ರಿಬ್ ಎಷ್ಟೋ ವಾಸಿ ಎಂದು ಇಲಿಗಳಲ್ಲಿ ಕಂಡಿದೆ, ಅಷ್ಟೇ.

ಸರ್ಟಿಫಿಕೇಟಿನ 98 ಶೇಕಡಾ ಎಂಬುದು ಸಾಮಾನ್ಯವಾಗಿ ಎಚ್‌ಪಿಎಲ್‌ಸಿ ಯಂತ್ರದ ಗ್ರಾಫಿನಲ್ಲಿ ಮುಖ್ಯ ಶಿಖರದ ಪಾಲು. ಬೆಳಕು ಹೀರದ ಲವಣ, ಉಳಿದುಹೋದ ದ್ರಾವಕ, ತಯಾರಿಕೆಯಲ್ಲಿ ಬಳಸಿದ ಲೋಹ ಯಾವುದೂ ಆ ಅಂಕಿಯಲ್ಲಿ ಬರುವುದಿಲ್ಲ. ಇಸ್ರಿಬ್‌ಗೆ ಎರಡು ರೂಪಗಳಿವೆ, ಟ್ರಾನ್ಸ್ ಮತ್ತು ಸಿಸ್. ಕೆಲಸ ಮಾಡುವುದು ಟ್ರಾನ್ಸ್. ಸಿಸ್‌ನ ಶಕ್ತಿ ಅದರ ನೂರರಲ್ಲಿ ಒಂದು ಪಾಲಿನಷ್ಟು. ಎರಡರ ಅಣುತೂಕವೂ ಒಂದೇ, 451.3. ಹಾಗಾಗಿ ಬರೀ ತೂಕ ಅಳೆಯುವ ಮಾಸ್ ಸ್ಪೆಕ್ಟ್ರಮ್ ಎರಡನ್ನೂ ‘ಸರಿ’ ಎನ್ನುತ್ತದೆ. ಇನ್ನು ತೂಗುವುದು: 0.01 ಗ್ರಾಂ ತೋರಿಸುವ ಸಾಮಾನ್ಯ ಡಿಜಿಟಲ್ ತಕ್ಕಡಿಯ ಒಂದು ಹೆಜ್ಜೆಯೇ 10 ಮಿ.ಗ್ರಾಂ. 12 ಮಿ.ಗ್ರಾಂ ಅನ್ನು ಅದರಲ್ಲಿ ಸರಿಯಾಗಿ ತೂಗಲಾಗದು.

ಪರೀಕ್ಷೆಗೆ ಸಂಬಂಧಿಸಿ ಒಂದೇ ಮಾತು. ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು, ಅದನ್ನೇ ಕೆಲವು ದಿನ ಬಿಟ್ಟು ಮತ್ತೆ ಮಾಡುವುದು, ರಾತ್ರಿ ನಿದ್ದೆ ಕೆಡದಿರುವುದು, ಇವು ಮನುಷ್ಯರ ಮೇಲೆ ಪರೀಕ್ಷೆಯಾಗಿ ಗೆದ್ದಿವೆ. ಇಸ್ರಿಬ್ ಆ ಸಾಲಿಗೆ ಇನ್ನೂ ಬಂದಿಲ್ಲ.

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ. ಕೋಶಗಳಿಗೆ ಇಸ್ರಿಬ್ ಹಾಕಿದರೂ ಪ್ರೋಟೀನುಗಳನ್ನು ಪಟ್ಟಿಗಳಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಫಾಸ್ಫೊ-ಇಐಎಫ್2 ಆಲ್ಫಾ ಕಡಿಮೆಯಾಗುತ್ತಿಲ್ಲ. ಇಲಿಗಳಿಗೆ ಮಾಡಿದ ದ್ರಾವಣವೂ ಮಬ್ಬಾಗುತ್ತದೆ. ನಮ್ಮ ಪುಡಿಯೇ ಕೆಟ್ಟಿದೆಯೇ?

ಉತ್ತರ: ಪುಡಿ ಎಸೆಯಬೇಡಿ. ಮೊದಲನೆಯದು ಕೆಟ್ಟಿದ್ದಲ್ಲ, ಹಾಗೇ ಆಗಬೇಕು. ಇಸ್ರಿಬ್ ಫಾಸ್ಫೇಟ್‌ನ ಕೆಳಗಿನ ಹಂತದಲ್ಲಿ ಕೆಲಸ ಮಾಡುತ್ತದೆ. ಫಾಸ್ಫೊ ಪಟ್ಟಿ ಅಷ್ಟೇ ಇದ್ದು ಎಟಿಎಫ್4 ಪಟ್ಟಿ ಇಳಿದರೆ ಮದ್ದು ಕೆಲಸ ಮಾಡಿದೆ ಎಂದರ್ಥ. ಹಾಗಾಗಿ ಎಟಿಎಫ್4 ನೋಡಿ, ಅಥವಾ ಪ್ಯೂರೊಮೈಸಿನ್ ಸೇರ್ಪಡೆಯಿಂದ ಪ್ರೋಟೀನ್ ತಯಾರಿಕೆಯನ್ನು ಅಳೆಯಿರಿ.

ಹೋಲಿಕೆಗೆ ನಾಲ್ಕು ಗುಂಪು ಬೇಕು: ಬರೀ ದ್ರಾವಕವಾದ ಡಿಎಂಎಸ್‌ಒ, ಬರೀ ಇಸ್ರಿಬ್, ಐಎಸ್‌ಆರ್ ಕೆರಳಿಸುವ ಥಾಪ್ಸಿಗಾರ್ಗಿನ್ ಅಥವಾ ಟ್ಯುನಿಕಮೈಸಿನ್ ಮಾತ್ರ, ಅದರ ಜೊತೆ ಇಸ್ರಿಬ್. ಎರಡನೆಯ ಗುಂಪಿನಲ್ಲಿ ಹೆಚ್ಚೇನೂ ಬದಲಾವಣೆ ಕಾಣುವುದಿಲ್ಲ, ಗಾಬರಿ ಬೇಡ. ಕೆರಳಿಸಲು ಆರ್ಸೆನೈಟ್ ಬಳಸುತ್ತಿದ್ದರೆ ಅದರ ಪ್ರಮಾಣ ಇಳಿಸಿ ನೋಡಿ. ಫಾಸ್ಫೇಟ್ ಅಂಟಿದ ಇಐಎಫ್2 ಒಂದು ಮಿತಿ ಮೀರಿದರೆ ಇಸ್ರಿಬ್ ಎಷ್ಟು ಹಾಕಿದರೂ ಪ್ರಯೋಜನವಿಲ್ಲ ಎಂದು 2019ರಲ್ಲೇ ತೋರಿಸಲಾಗಿದೆ.

ಸ್ಟಾಕ್: 1 ಮಿ.ಗ್ರಾಂ ಪುಡಿಗೆ 2.2 ಮಿ.ಲೀ. ಒಣ ಡಿಎಂಎಸ್‌ಒ ಹಾಕಿದರೆ ಸರಿಸುಮಾರು 1 ಮಿಲಿಮೋಲಾರ್. ಕೋಶಗಳಿಗೆ 200 ನ್ಯಾನೊಮೋಲಾರ್ ಬೇಕಾದರೆ 5,000 ಪಟ್ಟು ತೆಳುಮಾಡಿ, ಆಗ ಡಿಎಂಎಸ್‌ಒ 0.02 ಶೇಕಡಾಕ್ಕೆ ನಿಲ್ಲುತ್ತದೆ. ಸ್ಟಾಕನ್ನು ಸಣ್ಣ ಸಣ್ಣ ಟ್ಯೂಬುಗಳಲ್ಲಿ ಹಂಚಿ ಮೈನಸ್ 20ರಲ್ಲಿಡಿ. ಡಿಎಂಎಸ್‌ಒ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತೇವ ಸೇರಿದರೆ ಇಸ್ರಿಬ್ ತಳದಲ್ಲಿ ಕೂರುತ್ತದೆ. ಕರಗಿಸಿ ತೆಗೆದ ಟ್ಯೂಬನ್ನು ಬೆಳಕಿಗೆ ಹಿಡಿದು, ತಳದಲ್ಲಿ ಸಣ್ಣ ಹರಳು ಮಿಂಚುತ್ತಿದೆಯೇ ನೋಡದೆ ಬಳಸಬೇಡಿ.

ಇಲಿಗಳ ದ್ರಾವಣ ಮಬ್ಬಾಗುವುದಕ್ಕೆ ಬಹುತೇಕ ಸಲೈನ್ ಕಾರಣ. ಡಿಎಂಎಸ್‌ಒದಲ್ಲಿ ಕರಗಿದ ಇಸ್ರಿಬ್‌ಗೆ ಸಲೈನ್ ಬಿದ್ದ ಕ್ಷಣವೇ ಹಾಲಿನಂತೆ ಮಸುಕು ಬರುತ್ತದೆ. ಸಲೈನ್ ಬದಲು ಪಿಇಜಿ-400 ಎಂಬ ದ್ರಾವಕ ಬಳಸಿ. ಮೊದಲು ಡಿಎಂಎಸ್‌ಒದಲ್ಲಿ, 40 ಡಿಗ್ರಿ ನೀರಿನಲ್ಲಿಟ್ಟು, ಅರ್ಧ ನಿಮಿಷಕ್ಕೊಮ್ಮೆ ವೋರ್ಟೆಕ್ಸ್ ಮಾಡುತ್ತಾ ಪೂರ್ತಿ ತಿಳಿಯಾಗುವವರೆಗೂ ಕರಗಿಸಿ. ಆಮೇಲೆ ಅಷ್ಟೇ ಪ್ರಮಾಣದ ಪಿಇಜಿ-400 ಸೇರಿಸಿ ಮತ್ತೆ ಅದೇ ರೀತಿ ಬಿಸಿ, ವೋರ್ಟೆಕ್ಸ್. ತಯಾರಾದದ್ದನ್ನು ಫ್ರಿಜ್ಜಿನಲ್ಲಿಡದೆ ಕೋಣೆಯ ಉಷ್ಣತೆಯಲ್ಲೇ ಇಡಿ, ನಾಲ್ಕು ದಿನಕ್ಕಿಂತ ಹಳೆಯದನ್ನು ಬಳಸಬೇಡಿ. ಚೂರು ಕಂಡರೆ ಮತ್ತೆ 40 ಡಿಗ್ರಿಗೆ ತಂದು ಕರಗಿಸಿ. ಮಿ.ಲೀ.ಗೆ 0.5 ಮಿ.ಗ್ರಾಂ ದ್ರಾವಣವಾದರೆ, ಕೆ.ಜಿ.ಗೆ 2.5 ಮಿ.ಗ್ರಾಂ ಲೆಕ್ಕದಲ್ಲಿ 30 ಗ್ರಾಂ ಇಲಿಗೆ 150 ಮೈಕ್ರೊಲೀಟರ್. ಅದರಲ್ಲಿ ಅರ್ಧ ಡಿಎಂಎಸ್‌ಒ! ಇಷ್ಟು ಡಿಎಂಎಸ್‌ಒ ತಾನೇ ಇಲಿಯ ನಡವಳಿಕೆ ಬದಲಿಸಬಲ್ಲದು. ಆದ್ದರಿಂದ ಹೋಲಿಕೆಯ ಗುಂಪಿಗೆ ಸಲೈನ್ ಕೊಡುವುದು ತಪ್ಪು, ಅದೇ ಡಿಎಂಎಸ್‌ಒ-ಪಿಇಜಿ ಮಿಶ್ರಣ ಅಷ್ಟೇ ಪ್ರಮಾಣದಲ್ಲಿ ಹೋಗಬೇಕು. ಇದೆಲ್ಲ ನಿಮ್ಮ ಸಂಸ್ಥೆಯ ಪ್ರಾಣಿ ಪ್ರಯೋಗದ ನೈತಿಕ ಸಮಿತಿ ಒಪ್ಪಿದ ವಿಧಾನದೊಳಗೇ ಇರಲಿ.

ಪ್ರಶ್ನೆ: ಹಾಗಾದರೆ ಮನುಷ್ಯರ ಮೇಲೆ ಇನ್ನೂ ಯಾರೂ ನೋಡಿಲ್ಲವೇ?

ಉತ್ತರ: ಇಸ್ರಿಬ್‌ನ ಹಾದಿಯಲ್ಲೇ ಕೆಲಸ ಮಾಡುವ, ಮಾತ್ರೆಗೆ ಒಗ್ಗುವಂತೆ ರೂಪಿಸಿದ ಸಂಯುಕ್ತಗಳನ್ನು ನೋಡಿದ್ದಾರೆ. ಕ್ಯಾಲಿಕೊ ಮತ್ತು ಆ್ಯಬ್‌ವಿ ಕಂಪನಿಗಳ ಫೋಸಿಗೋಟಿಫೇಟರ್, ಡೆನಾಲಿಯ ಡಿಎನ್‌ಎಲ್343. ಎರಡನ್ನೂ ಎಎಲ್‌ಎಸ್ ಎಂಬ ನರರೋಗದಲ್ಲಿ, ಹೀಲಿ ಎಂಬ ಒಂದೇ ದೊಡ್ಡ ಪ್ರಯೋಗದ ಎರಡು ಭಾಗಗಳಾಗಿ ಪರೀಕ್ಷಿಸಿದರು. 24 ವಾರಗಳಲ್ಲಿ ರೋಗದ ವೇಗ ಕಡಿಮೆಯಾಗಬೇಕೆಂಬ ಮುಖ್ಯ ಗುರಿಯನ್ನು ಎರಡೂ ಮುಟ್ಟಲಿಲ್ಲ ಎಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಇವು ನೆನಪಿನ ಪರೀಕ್ಷೆಗಳಲ್ಲ, ಆದ್ದರಿಂದ ನೆನಪಿನ ಪ್ರಶ್ನೆಗೆ ಇದರಿಂದ ಹೌದು ಅಥವಾ ಅಲ್ಲ ಎನ್ನುವ ಉತ್ತರ ಸಿಗುವುದಿಲ್ಲ. ಹೆಚ್ಚು ತರ್ಕಬದ್ಧವಾಗಿ ಕಾಣುವುದು ವ್ಯಾನಿಷಿಂಗ್ ವೈಟ್ ಮ್ಯಾಟರ್ ಎಂಬ ಅಪರೂಪದ ಆನುವಂಶಿಕ ಕಾಯಿಲೆ. ಅಲ್ಲಿ ಕೆಟ್ಟಿರುವುದೇ ಇಐಎಫ್2ಬಿಯ ಜೀನ್. ಫೋಸಿಗೋಟಿಫೇಟರ್ ಅನ್ನು ಆ ರೋಗಿಗಳಲ್ಲೂ ಪರೀಕ್ಷೆಗೆ ತಂದಿದ್ದಾರೆ.

ಪ್ರಶ್ನೆ: ಅಪ್ಪನಿಗೆ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಎಂಟು ತಿಂಗಳಾಯಿತು. ಈಗಿನದ್ದು ಏನೂ ನೆನಪಲ್ಲಿ ನಿಲ್ಲುವುದಿಲ್ಲ. ಇಂಥ ಮದ್ದಿನ ಪ್ರಯೋಗಕ್ಕೆ ಸೇರಿಸಬಹುದೇ? ಅಲ್ಲಿಯವರೆಗೆ ಪುಡಿ ತರಿಸಿ ಕೊಟ್ಟರೆ?

ಉತ್ತರ: ಪುಡಿ ಕೊಡಬೇಡಿ. ಮೇಲೆ ಹೇಳಿದ ಕಾರಣಗಳ ಜೊತೆ ಇಲ್ಲಿ ಇನ್ನೊಂದಿದೆ. ತಲೆಪೆಟ್ಟಾದ ಅನೇಕರು ಫಿಟ್ಸ್ ಬಾರದಂತೆ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಅವುಗಳಲ್ಲಿ ಕೆಲವು ಯಕೃತ್ತಿನ ಕಿಣ್ವಗಳನ್ನು ಏರಿಸಿ ಇಳಿಸಿ ಬೇರೆ ಮದ್ದುಗಳ ಪ್ರಮಾಣವನ್ನೇ ಬದಲಿಸುತ್ತವೆ. ನೆನಪು ನಿಲ್ಲದಿರುವುದಕ್ಕೆ ಆ ಮಾತ್ರೆಯೇ ಒಂದು ಕಾರಣವಾಗಿರಲೂಬಹುದು. ನಿದ್ದೆ, ಖಿನ್ನತೆ, ಥೈರಾಯ್ಡ್, ಬಿ12 ಇವನ್ನೂ ಸೇರಿಸಿ ನರರೋಗ ವೈದ್ಯರ ಹತ್ತಿರ ಒಮ್ಮೆ ಪೂರ್ತಿ ಪರಿಶೀಲನೆ ಮಾಡಿಸಿ. ಸರಿಪಡಿಸಬಹುದಾದದ್ದು ಹೆಚ್ಚಾಗಿ ಇಲ್ಲೇ ಸಿಗುತ್ತದೆ.

ಕ್ಲಿನಿಕಲ್ ಟ್ರಯಲ್ ಹುಡುಕುವಾಗ ಸರ್ಕಾರಿ ನೋಂದಣಿ ಪಟ್ಟಿಯಲ್ಲೇ ನೋಡಿ, ಜಾಹೀರಾತಿನಲ್ಲಲ್ಲ. ನೋಂದಣಿ ಸಂಖ್ಯೆ ಕೇಳಿ, ಕೊಡದಿದ್ದರೆ ಅಲ್ಲಿಗೇ ಬಿಡಿ. ಯಾವ ಹಂತದ ಪ್ರಯೋಗ, ಪೆಟ್ಟಾಗಿ ಎಷ್ಟು ತಿಂಗಳೊಳಗಿನವರು ಸೇರಬಹುದು, ಎಷ್ಟು ಜನರಿಗೆ ನಿಜವಾದ ಮದ್ದು ಎಷ್ಟು ಜನರಿಗೆ ಪ್ಲಸೀಬೊ ಎಂಬುದು ಅಲ್ಲೇ ಬರೆದಿರುತ್ತದೆ. ಒಪ್ಪಿಗೆ ಪತ್ರದಲ್ಲಿ ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದ್ದು ಎಂಬ ಸಾಲನ್ನು ತಪ್ಪದೆ ಓದಿ. ಅಪ್ಪನಿಗೆ ಓದಿದ್ದು ನಿಲ್ಲದಿದ್ದರೆ ಅವರ ಪರವಾಗಿ ಯಾರು ಸಹಿ ಮಾಡಬಹುದು, ಅವರೇ ಬೇಡವೆಂದರೆ ಹೊರಬರುವುದು ಹೇಗೆ ಎಂದೂ ಕೇಳಿ. ಪ್ರಯೋಗದ ಮದ್ದಿಗೆ ನಿಮ್ಮಿಂದಲೇ ಹಣ ಕೇಳಿದರೆ ಎಚ್ಚರವಾಗಿರಿ. ಮತ್ತು ಈಗಾಗಲೇ ಯಾವುದಾದರೂ ಪುಡಿ ಕೊಟ್ಟಿದ್ದರೆ ಮುಚ್ಚಿಡಬೇಡಿ. ಬೇರೆ ಪ್ರಾಯೋಗಿಕ ಮದ್ದು ತೆಗೆದುಕೊಂಡವರನ್ನು ಸಾಮಾನ್ಯವಾಗಿ 30 ದಿನ, ಅಥವಾ ಆ ಮದ್ದಿನ ಐದು ಅರ್ಧಾಯುಷ್ಯದಷ್ಟು ಕಾಲ, ಯಾವುದು ಹೆಚ್ಚೋ ಅಷ್ಟು ದಿನ ಸೇರಿಸಿಕೊಳ್ಳುವುದಿಲ್ಲ.